ತರ್ಕ ಕಲಿಸುವ ಶಾಲೆಗಳೇ, ಮಕ್ಕಳನ್ನು ವಾದಕ್ಕೂ ನಿಲ್ಲಿಸಿ: ಅಮೆರಿಕದ ಕ್ಲಾಸಿಕಲ್ ಕ್ರಿಶ್ಚಿಯನ್ ಶಾಲೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೇ, ಆಡಳಿತ ಮಂಡಳಿಯವರೇ,

ಪತ್ರ ನಿಮಗೆ, ಭಾಷೆ ಕನ್ನಡ. ಯಾಕೆ ಅಂದ್ರೆ ಇದನ್ನು ಮೊದಲು ಓದಬೇಕಾದವರು ನಿಮ್ಮ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ತಂದೆತಾಯಂದಿರು. ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದವರು ಅವರೇ. ಕೇಳಬೇಕಾದ್ದು ಇಷ್ಟು: ಏಳು-ಎಂಟನೇ ಕ್ಲಾಸಿನಿಂದ ಡಿಬೇಟನ್ನು ವೇಳಾಪಟ್ಟಿಯೊಳಗೆ ತನ್ನಿ. ಶಾಲೆ ಬಿಟ್ಟ ಮೇಲೆ ನಾಲ್ಕು ಜನ ಮಾತಿನಮಲ್ಲರು ಸೇರುವ ಕ್ಲಬ್ ಸಾಲದು. ಬಾಯಿ ಬಿಡದ ಮಗುವೂ ಎದ್ದು ನಿಲ್ಲುವ ಹಾಗೆ ಎಲ್ಲರಿಗೂ ಕಲಿಸಿ.

ಈ ಶಾಲೆಗಳ ಪರಿಚಯ ಇಲ್ಲದ ಕನ್ನಡಿಗರಿಗೆ ಎರಡು ಮಾತು. 1947ರಲ್ಲಿ ಡೊರೊಥಿ ಸೇಯರ್ಸ್ ಆಕ್ಸ್‌ಫರ್ಡಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಆಕೆ ಪತ್ತೇದಾರಿ ಕಾದಂಬರಿಗಳಿಂದ ಹೆಸರಾದವರು, ಶಾಲಾ ಶಿಕ್ಷಣದ ಪಂಡಿತೆ ಅಲ್ಲ. ಮಧ್ಯಯುಗದ ವಿದ್ಯೆಯ ಮೂರು ಮೆಟ್ಟಿಲು ಅಂದ್ರೆ ವ್ಯಾಕರಣ, ತರ್ಕ, ಮಾತುಗಾರಿಕೆ. ಇವನ್ನು ಅವರು ಮಕ್ಕಳ ವಯಸ್ಸಿಗೆ ಹೊಂದಿಸಿದರು. ಮೊದಲನೆಯದು ಗಿಳಿ ವಯಸ್ಸು, ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡುವ ಕಾಲ. ಎರಡನೆಯದು ತಲೆಹರಟೆ ವಯಸ್ಸು, ಎಲ್ಲದಕ್ಕೂ ಎದುರುತ್ತರ. ಮೂರನೆಯದು ಕವಿ ವಯಸ್ಸು. 1981ರಲ್ಲಿ ಐಡಾಹೊ ರಾಜ್ಯದ ಮಾಸ್ಕೊ ಎಂಬ ಊರಿನಲ್ಲಿ ಲೋಗೋಸ್ ಶಾಲೆ ಇದೇ ದಾರಿ ಹಿಡಿದು ಶುರುವಾಯಿತು. 1990ರ ದಶಕದಲ್ಲಿ ಇಂಥ ಶಾಲೆಗಳದ್ದೇ ಒಂದು ಸಂಘ ಹುಟ್ಟಿತು. ಚಿಕ್ಕ ಮಕ್ಕಳಿಗೆ ಲ್ಯಾಟಿನ್, ಏಳು-ಎಂಟರಲ್ಲಿ ತರ್ಕಶಾಸ್ತ್ರ, ಹೈಸ್ಕೂಲಿನಲ್ಲಿ ಸಿಸೆರೊ, ಅಗಸ್ಟೀನ್, ಡಾಂಟೆ ಇಂಥ ಹಳೆಯ ಲೇಖಕರ ಓದು. ಇದು ಅವರ ದಾರಿ. ನಮ್ಮ ಮಕ್ಕಳನ್ನೂ ನಾವು ಇದಕ್ಕಾಗಿಯೇ ಸೇರಿಸಿದ್ದು.

ಸೇಯರ್ಸ್ ತಮ್ಮ ಉಪನ್ಯಾಸದಲ್ಲಿ ಮೊದಮೊದಲೇ ಎತ್ತಿದ ದೂರುಗಳಲ್ಲಿ ಒಂದನ್ನು ನಿಮಗೆ ನೆನಪಿಸಬೇಕು. ದೊಡ್ಡವರು, ಜವಾಬ್ದಾರಿ ಇರುವವರು ಚರ್ಚೆಗೆ ನಿಂತಾಗಲೂ ವಿಷಯ ಬಿಟ್ಟು ಮಾತಾಡುತ್ತಾರೆ, ಎದುರು ಪಕ್ಷದ ವಾದವನ್ನು ಹಿಡಿದು ಉತ್ತರ ಕೊಡಲು ಬರುವುದಿಲ್ಲ ಅನ್ನುವುದು ಆ ದೂರು. ಅವರ ಮೂರು ವಯಸ್ಸುಗಳನ್ನು ನೀವು ಗೋಡೆ ಮೇಲೆ ಬರೆಸಿದ್ದೀರಿ. ಈ ದೂರಿಗೆ ನಿಮ್ಮ ವೇಳಾಪಟ್ಟಿಯಲ್ಲಿ ಎಲ್ಲಿದೆ ಉತ್ತರ?

ತರ್ಕದ ಕ್ಲಾಸ್ ಇದೆ, ನಿಜ. 'ಎಲ್ಲ ಮನುಷ್ಯರೂ ಸಾಯುವವರು, ಸಾಕ್ರೆಟಿಸ್ ಮನುಷ್ಯ' ಅಂತ ಶುರುಮಾಡಿ ವರ್ಷಾಂತ್ಯಕ್ಕೆ ಹತ್ತಾರು ಬಗೆಯ ತರ್ಕದೋಷಗಳ ಹೆಸರು ಮಕ್ಕಳ ಬಾಯಲ್ಲಿರುತ್ತದೆ. ಅದರಲ್ಲೂ ಒಂದು ತಮಾಷೆ ಇದೆ. ಹೆಸರು ಗೊತ್ತಾದ ಕೂಡಲೇ ಮಗು ಊಟದ ಟೇಬಲ್ಲಿನಲ್ಲಿ ಅಪ್ಪನ ಪ್ರತಿ ಮಾತಿಗೂ ಒಂದೊಂದು ದೋಷದ ಹೆಸರು ಅಂಟಿಸುತ್ತದೆ. ತನ್ನ ಮಾತಿನಲ್ಲಿರುವ ದೋಷ ಮಾತ್ರ ಅದಕ್ಕೆ ಕಾಣುವುದಿಲ್ಲ. ಕಾಣುವುದು ಹೇಗೆ? ಅದನ್ನು ಎತ್ತಿ ತೋರಿಸುವ ಸರೀಕರು ಎದುರಿಗೆ ನಿಂತಿಲ್ಲವಲ್ಲ.

ಇದರ ಫಲ ಕಾಣುವುದು ಹನ್ನೆರಡನೇ ಕ್ಲಾಸಿನಲ್ಲಿ. ನಿಮ್ಮ ಬಹಳಷ್ಟು ಶಾಲೆಗಳಲ್ಲಿ ಕೊನೆಯ ವರ್ಷ ಒಂದು ದೊಡ್ಡ ಪ್ರಬಂಧ ಬರೆದು, ಸಭೆಯ ಮುಂದೆ ಮಂಡಿಸಿ, ತಜ್ಞರ ಪ್ರಶ್ನೆಗಳಿಗೆ ಉತ್ತರಿಸಬೇಕು. ಒಳ್ಳೆಯ ಪದ್ಧತಿ. ಆದರೆ ಎಷ್ಟೋ ಮಕ್ಕಳಿಗೆ ತಾನು ಬರೆದದ್ದನ್ನು ಒಪ್ಪದವರ ಎದುರು ನಿಲ್ಲುವುದು ಅದೇ ಮೊದಲ ಸಲ. ಮಂಡನೆ ಚೆನ್ನಾಗಿಯೇ ಇರುತ್ತದೆ, ಇಪ್ಪತ್ತು ನಿಮಿಷ ತಡವರಿಸದೆ ಹೇಳುತ್ತಾರೆ. ಮೊದಲ ಪ್ರಶ್ನೆ ಬಂದಾಗ ನೋಡಬೇಕು. ಕೈಯಲ್ಲಿದ್ದ ಹಾಳೆ ತಿರುವುತ್ತಾರೆ, ಆಗಲೇ ಹೇಳಿದ ವಾಕ್ಯವನ್ನೇ ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಹೇಳುತ್ತಾರೆ. ಹದಿನೇಳನೇ ವಯಸ್ಸಿಗೆ ಮೊದಲ ಎದುರಾಳಿ ಸಿಕ್ಕರೆ ತಡ ಆಯಿತು ಅಲ್ವಾ?

'ನಮ್ಮಲ್ಲಿ ಸಾಕ್ರೆಟಿಸ್ ಮಾದರಿಯ ಚರ್ಚೆ ಇದೆಯಲ್ಲ, ದುಂಡಗೆ ಕೂತು ಎಲ್ಲರೂ ಮಾತಾಡುತ್ತಾರೆ' ಅಂತ ನೀವು ಹೇಳುತ್ತೀರಿ. ಅದೂ ಇರಲಿ, ನಾನೇನೂ ಬೇಡ ಅನ್ನುತ್ತಿಲ್ಲ. ಆದರೆ ಆ ದುಂಡು ಮೇಜಿನಲ್ಲಿ ಬಚ್ಚಿಟ್ಟುಕೊಳ್ಳುವುದು ಸುಲಭ. ಯಾರೋ ಕಷ್ಟದ ಪ್ರಶ್ನೆ ಕೇಳಿದರೆ ಸುಮ್ನೆ ಪುಟ ನೋಡುತ್ತಾ ಕೂತರಾಯಿತು, ಇನ್ಯಾರೋ ಮಾತು ಮುಂದುವರಿಸುತ್ತಾರೆ. ಡಿಬೇಟಿನಲ್ಲಿ ಈ ಸೌಕರ್ಯ ಇಲ್ಲ. ಉತ್ತರ ಕೊಡದೆ ಬಿಟ್ಟ ವಾದವನ್ನು ಒಪ್ಪಿಕೊಂಡ ಹಾಗೇ ಲೆಕ್ಕ.

ಇಲ್ಲಿ ಕನ್ನಡದ ಪೋಷಕರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಡಿಬೇಟ್ ಅಂದ ಕೂಡಲೇ ನಮಗೆ ನೆನಪಾಗುವುದು ಊರಿನ ಶಾಲೆಯ ಚರ್ಚಾ ಸ್ಪರ್ಧೆ. ಮೇಷ್ಟ್ರು ಬರೆದುಕೊಟ್ಟ ಎರಡು ಪುಟ, ಬಾಯಿಪಾಠ, 'ಮಾನ್ಯ ತೀರ್ಪುಗಾರರೇ, ನನ್ನ ವಿರೋಧಿ ಮಿತ್ರರೇ', ನಡುವೆ ಒಂದು ಪದ್ಯ, ಕೊನೆಗೆ ಮೇಜು ಕುಟ್ಟಿ ಮುಕ್ತಾಯ. ಪರ ಮಾತಾಡಿದವನು ಏನು ಹೇಳಿದ ಅಂತ ವಿರೋಧ ಮಾತಾಡುವವನಿಗೆ ಗೊತ್ತೇ ಇರುತ್ತಿರಲಿಲ್ಲ. ಅವನು ತನ್ನ ಪಾಲಿನ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾ ಕೂತಿರುತ್ತಿದ್ದ. ಅದು ಭಾಷಣ ಸ್ಪರ್ಧೆ. ನಾನು ಕೇಳುತ್ತಿರುವುದು ಅದನ್ನಲ್ಲ.

ಇಲ್ಲಿನ ಲಿಂಕನ್-ಡಗ್ಲಸ್ ಮಾದರಿಯನ್ನು ನೋಡಿ. ಒಬ್ಬರಿಗೆ ಒಬ್ಬರು. 1858ರಲ್ಲಿ ಸೆನೆಟ್ ಸ್ಥಾನಕ್ಕೆ ಪೈಪೋಟಿ ನಡೆಸಿದ್ದ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ ಗುಲಾಮಗಿರಿಯ ಪ್ರಶ್ನೆ ಹಿಡಿದು ವಾದಕ್ಕೆ ನಿಂತರು. ಈ ಮಾದರಿಯ ಹೆಸರು ಬಂದದ್ದು ಅಲ್ಲಿಂದ. ಅಲ್ಲಿ ಮೊದಲ ಮಾತು ಒಂದು ಗಂಟೆ, ಉತ್ತರ ಒಂದೂವರೆ ಗಂಟೆ, ಮರುಉತ್ತರ ಅರ್ಧ ಗಂಟೆ. ಸೆನೆಟ್ ಸ್ಥಾನ ಡಗ್ಲಸ್ ಪಾಲಾಯಿತು. 1860ರ ಅಧ್ಯಕ್ಷ ಚುನಾವಣೆ ಲಿಂಕನ್ ಗೆದ್ದರು. ಮಕ್ಕಳಿಗೆ ಅಷ್ಟುದ್ದ ಬೇಡ. ಪರ ಪಕ್ಷಕ್ಕೆ 6 ನಿಮಿಷ, ಅವರಿಗೆ ಪಾಟೀಸವಾಲು 3. ವಿರೋಧ ಪಕ್ಷಕ್ಕೆ 7, ಪಾಟೀಸವಾಲು 3. ಆಮೇಲೆ ಪರ 4, ವಿರೋಧ 6, ಕೊನೆಗೆ ಪರ 3. ಕೂಡಿ ನೋಡಿ, ಪಾಟೀಸವಾಲು ಬಿಟ್ಟು ಇಬ್ಬರಿಗೂ ತಲಾ 13 ನಿಮಿಷ. ಎಲ್ಲ ಸೇರಿ 32. ನಡುವೆ ತಯಾರಿಗೆ ತಲಾ 4 ಕೊಟ್ಟರೆ 40. ಅಂದ್ರೆ ಒಂದು ಪೀರಿಯಡ್. 'ಸಮಯ ಎಲ್ಲಿದೆ' ಅನ್ನುವವರಿಗೆ ಈ ಲೆಕ್ಕ.

ಆ 4 ನಿಮಿಷದ ಮಾತಿದೆಯಲ್ಲ, ನನಗೆ ಅದರ ಮೇಲೆ ವಿಶೇಷ ಪ್ರೀತಿ. ಎದುರಾಳಿ 7 ನಿಮಿಷದಲ್ಲಿ ಹೇಳಿದ್ದಕ್ಕೆಲ್ಲ 4 ನಿಮಿಷದಲ್ಲಿ ಉತ್ತರ ಕೊಡಬೇಕು, ತನ್ನ ವಾದವನ್ನೂ ಉಳಿಸಿಕೊಳ್ಳಬೇಕು. ಎಲ್ಲವನ್ನೂ ಹೇಳಲು ಆಗುವುದಿಲ್ಲ. ಯಾವುದು ಮುಖ್ಯ, ಯಾವುದನ್ನು ಒಂದೇ ವಾಕ್ಯದಲ್ಲಿ ಮುಗಿಸಬೇಕು ಅಂತ ನಿಂತ ನಿಲುವಿನಲ್ಲೇ ತೀರ್ಮಾನಿಸಬೇಕು. ಪೋಷಕ ತೀರ್ಪುಗಾರನಾಗಿ ಹಿಂದಿನ ಬೆಂಚಿನಲ್ಲಿ ಕೂತಾಗ ನಾನು ಕಾಯುವುದು ಈ ಘಳಿಗೆಗೆ.

ಇದಕ್ಕೆ ಮಕ್ಕಳ ಕೈಯಲ್ಲಿರುವ ಆಯುಧ ಒಂದು ಹಾಳೆ. ಅದನ್ನು ಅಡ್ಡ ಇಟ್ಟು, ಪ್ರತಿ ಸರದಿಯ ಮಾತಿಗೂ ಒಂದು ಕಾಲಂ ಹಾಕುತ್ತಾರೆ. ಎರಡು ಬಣ್ಣದ ಪೆನ್ನು, ತನ್ನದಕ್ಕೆ ಒಂದು, ಎದುರಾಳಿಯದಕ್ಕೆ ಇನ್ನೊಂದು. ಮೊದಲ ವಾದದ ಪಕ್ಕದ ಕಾಲಂನಲ್ಲಿ ಅದಕ್ಕೆ ಬಂದ ಉತ್ತರ, ಅದರ ಪಕ್ಕ ಮರುಉತ್ತರ, ನಡುವೆ ಬಾಣದ ಗುರುತು. ಎಲ್ಲಿ ಬಾಣ ನಿಂತಿದೆಯೋ ಅಲ್ಲಿ ಯಾರೋ ಉತ್ತರ ಕೊಟ್ಟಿಲ್ಲ ಅಂತ ಅರ್ಥ. ಹದಿಮೂರರ ಹುಡುಗಿಯೊಬ್ಬಳು ಈ ಹಾಳೆ ತುಂಬುವುದನ್ನು ನೋಡಿದವರು 'ಈಗಿನ ಮಕ್ಕಳಿಗೆ ಗಮನ ಇಲ್ಲ' ಅಂತ ಹೇಳುವುದಿಲ್ಲ. ಎದುರಾಳಿಯ ಮಾತನ್ನು ಅವಳಷ್ಟು ಗಮನವಿಟ್ಟು ಕೇಳುವವರು ಆ ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಈಗ ದೊಡ್ಡ ಆಕ್ಷೇಪಕ್ಕೆ ಬರೋಣ. 'ನಮ್ಮದು ಕ್ರೈಸ್ತ ಶಾಲೆ. ನಾಣ್ಯ ಚಿಮ್ಮಿ ಪಕ್ಷ ಕೊಡುವುದು, ಮಗು ತಾನು ನಂಬದ ಮಾತಿನ ಪರ ವಾದಿಸುವುದು, ಇದು ಸುಳ್ಳು ಕಲಿಸಿದ ಹಾಗಲ್ಲವೇ? ಸತ್ಯಕ್ಕೂ ಎರಡು ಮುಖ ಅಂತ ಮಗು ತಿಳಿದುಕೊಂಡರೆ?' ಇದು ಪೊಳ್ಳು ಭಯ ಅಂತ ನಾನು ತಳ್ಳಿಹಾಕುವುದಿಲ್ಲ. ಗೆಲ್ಲುವುದೇ ಗುರಿಯಾದರೆ ಮಕ್ಕಳು ವಿತಂಡವಾದಿಗಳಾಗುತ್ತಾರೆ, ಅದನ್ನೂ ನೋಡಿದ್ದೇನೆ. ಆದರೆ ನಿಮ್ಮ ಪರಂಪರೆಯನ್ನೇ ಒಮ್ಮೆ ತೆರೆದು ನೋಡಿ.

ಮಧ್ಯಯುಗದ ಧರ್ಮಪಂಡಿತ ಥಾಮಸ್ ಅಕ್ವಿನಾಸ್ 'ದೇವರು ಇದ್ದಾನೆಯೇ' ಎಂಬ ಪ್ರಶ್ನೆ ಎತ್ತಿಕೊಂಡಾಗ ಮೊದಲು ಬರೆದದ್ದು ಇಲ್ಲ ಅನ್ನುವವರ ವಾದ. ಅಪಾರ ಒಳ್ಳೆಯತನ ಇರುವುದಾದರೆ ಲೋಕದಲ್ಲಿ ಕೆಡುಕು ಯಾಕೆ ಅಂತ ಒಂದು. ಪ್ರಕೃತಿ ಮತ್ತು ಮನುಷ್ಯನ ಬುದ್ಧಿಯಿಂದಲೇ ಎಲ್ಲ ವಿವರಿಸಬಹುದಾದಾಗ ದೇವರು ಯಾಕೆ ಅಂತ ಇನ್ನೊಂದು. ಇವತ್ತಿನ ನಾಸ್ತಿಕರ ಕೈಯಲ್ಲಿರುವುದೂ ಬಹುಪಾಲು ಇವೇ ಎರಡು. ಅವನ್ನು ಸರಿಯಾಗಿ ಹೇಳಿದ ಮೇಲೆಯೇ ತನ್ನ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಬಿಡಿಬಿಡಿಯಾಗಿ ಸಮಾಧಾನ. ಆ ಕಾಲದ ಪ್ಯಾರಿಸ್ಸಿನಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಅಡ್ವೆಂಟ್ ಮತ್ತು ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಗುರುಗಳು ಸಭೆ ಕರೆದು, ಯಾರು ಬೇಕಾದರೂ ಯಾವ ಪ್ರಶ್ನೆ ಬೇಕಾದರೂ ಕೇಳಲಿ ಅಂತ ಕೂರುತ್ತಿದ್ದರು.

ನೀವು ಪ್ರೊಟೆಸ್ಟಂಟರು, ಅಕ್ವಿನಾಸ್ ಬೇಡ ಅನ್ನುತ್ತೀರಾ? ಸರಿ. ನಿಮ್ಮಲ್ಲಿ ಹಲವು ಶಾಲೆಗಳು ಅಕ್ಟೋಬರ್ 31ನ್ನು ಸುಧಾರಣೆಯ ದಿನ ಅಂತ ಆಚರಿಸುತ್ತವೆ. 1517ರಲ್ಲಿ ಲೂಥರ್ ಬರೆದ 95 ಹೇಳಿಕೆಗಳು ಏನು? ಬನ್ನಿ, ಇದರ ಮೇಲೆ ವಾದ ಮಾಡೋಣ ಅಂತ ಕೊಟ್ಟ ಕರೆ. ಎರಡು ವರ್ಷದ ಮೇಲೆ ಲೈಪ್ಜಿಗ್‌ನಲ್ಲಿ ಪೋಪರ ಕಡೆಯ ಪಂಡಿತ ಯೋಹಾನ್ ಎಕ್ ಎದುರು ಆತ ವಾದಕ್ಕೆ ನಿಂತೇಬಿಟ್ಟ. ಡಿಬೇಟಿನಿಂದ ಹುಟ್ಟಿದ ಹಬ್ಬಕ್ಕೆ ಮಕ್ಕಳಿಗೆ ವೇಷ ಹಾಕಿಸುವ ಶಾಲೆಗೆ ಡಿಬೇಟ್ ಕಂಡರೆ ಭಯ!

ಇಷ್ಟಕ್ಕೂ ಎರಡೂ ಕಡೆ ವಾದಿಸುವುದು ನಿಮ್ಮ ಬರವಣಿಗೆ ಪಾಠದಲ್ಲೇ ಇದೆ. ಗ್ರೀಕ್ ಮೇಷ್ಟ್ರು ಅಫ್ಥೋನಿಯಸ್‌ನ 14 ಅಭ್ಯಾಸಗಳನ್ನು ನೀವು ಪ್ರೋಜಿಮ್ನಾಸ್ಮಾಟ ಅಂತ ಕಲಿಸುತ್ತೀರಲ್ಲ, ಅದರಲ್ಲಿ ಒಂದು ಖಂಡನೆ, ಅದರ ಹಿಂದೆಯೇ ಸಮರ್ಥನೆ. ಅಪೊಲೊ ಮತ್ತು ಡಾಫ್ನೆಯ ಕಥೆಯನ್ನು ಆತ ಮೊದಲು ನಂಬಲಾಗದ್ದು ಅಂತ ಖಂಡಿಸಿ, ಆಮೇಲೆ ಅದೇ ಕಥೆಯನ್ನು ಸಮರ್ಥಿಸಿ ತೋರಿಸಿದ್ದಾನೆ. ಹಾಳೆಯ ಮೇಲೆ ಮಾಡಿಸುವುದನ್ನೇ ಎದ್ದು ನಿಂತು ಮಾಡಿಸಿ ಅನ್ನುವುದಷ್ಟೇ ನನ್ನ ಕೋರಿಕೆ.

ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ತಾಳಮದ್ದಳೆಯಲ್ಲಿ ವಾಲಿವಧೆ ಪ್ರಸಂಗ ಇಟ್ಟರೆ, ಇಂದು ವಾಲಿಯಾಗಿ ಕೂತು 'ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ' ಅಂತ ರಾಮನನ್ನು ತರಾಟೆಗೆ ತೆಗೆದುಕೊಂಡ ಅರ್ಥಧಾರಿ ಇನ್ನೊಂದು ರಾತ್ರಿ ರಾಮನಾಗಿ ಕೂತು ಅದಕ್ಕೆ ಉತ್ತರ ಕೊಡುತ್ತಾನೆ. ವೇಷ ಇಲ್ಲ, ಬರೆದಿಟ್ಟ ಮಾತಿಲ್ಲ, ಎದುರಿನವನ ಮಾತಿಗೆ ತಕ್ಕ ಮಾತು. ಅದನ್ನು ಕೇಳಿ ಯಾರೂ ರಾಮಭಕ್ತಿ ಬಿಟ್ಟಿಲ್ಲ.

ಆದರೂ ಒಂದು ಗೆರೆ ಇರಲಿ. ಕ್ರಿಸ್ತ ಸಾವಿನಿಂದ ಎದ್ದನೋ ಇಲ್ಲವೋ ಅಂತ ಹದಿಮೂರರ ಮಗುವಿಗೆ ನಾಣ್ಯ ಚಿಮ್ಮಿ ಪಕ್ಷ ಕೊಡಬೇಕಿಲ್ಲ. ವಿಶ್ವಾಸ ಪ್ರಮಾಣವನ್ನು ಆಟಕ್ಕೆ ಇಡುವುದು ಬೇಡ. ದೇವರನ್ನು ನಂಬುವವರ ನಡುವೆಯೇ ಭಿನ್ನಾಭಿಪ್ರಾಯ ಇರುವ ವಿಷಯಗಳು ಬೇಕಾದಷ್ಟಿವೆ. ಸೀಸರನನ್ನು ಕೊಂದ ಬ್ರೂಟಸ್ ಮಾಡಿದ್ದು ಸರಿಯೇ? 1788ರಲ್ಲಿ ವರ್ಜೀನಿಯಾ ಹೊಸ ಸಂವಿಧಾನವನ್ನು ಒಪ್ಪಬೇಕಿತ್ತೇ? ಅಂದು ಒಪ್ಪಬೇಕು ಅಂತ ಮ್ಯಾಡಿಸನ್, ಬೇಡ ಅಂತ ಪ್ಯಾಟ್ರಿಕ್ ಹೆನ್ರಿ, ಕೊನೆಗೆ ಒಪ್ಪಿಗೆಯ ಪರ ಮತ 89-79. ಹತ್ತು ಮತದ ಅಂತರದಲ್ಲಿ ನಿಂತ ಪ್ರಶ್ನೆಯಲ್ಲಿ ಮಕ್ಕಳಿಗೆ ಎರಡೂ ಕಡೆ ಸರಕು ಸಿಗುತ್ತದೆ.

ನನ್ನ ಮೆಚ್ಚಿನ ವಿಷಯ ಮಾತ್ರ ಬೇರೆ: ಜೀವ ಉಳಿಸಲು ಸುಳ್ಳು ಹೇಳಬಹುದೇ? ಚರ್ಚಿನ ಹಳೆಯ ಗುರು ಅಗಸ್ಟೀನ್ ಇದರ ಮೇಲೆ ತುಂಬಾ ಕಟ್ಟುನಿಟ್ಟು, ಸುಳ್ಳು ಯಾವಾಗಲೂ ಪಾಪ ಅನ್ನುತ್ತಾನೆ. ವಿಮೋಚನಕಾಂಡದಲ್ಲಿ ಮಾತ್ರ ಗಂಡು ಕೂಸುಗಳನ್ನು ಕೊಲ್ಲದೆ ಉಳಿಸಿದ ಇಬ್ರಿಯ ಸೂಲಗಿತ್ತಿಯರು ಕೊಲ್ಲಲು ಹೇಳಿದ್ದ ಫರೋಹನ ಮುಂದೆ ಮಾತು ತಿರುಗಿಸಿದರು, ದೇವರು ಅವರಿಗೆ ಒಳ್ಳೆಯದು ಮಾಡಿದ. ಯೆಹೋಶುವನ ಪುಸ್ತಕದಲ್ಲಿ, ಇಸ್ರಾಯೇಲ್ಯರ ಗೂಢಚಾರರನ್ನು ತನ್ನ ಊರಿನ ಅರಸನ ಆಳುಗಳಿಂದ ಬಚ್ಚಿಟ್ಟ ರಾಹಾಬಳ ಕಥೆ ಇದೆ. ಪಾಟೀಸವಾಲು ಹೀಗೆ ಸಾಗಬಹುದು:

'ಸುಳ್ಳು ಯಾವಾಗಲೂ ತಪ್ಪು ಅಂದ್ರಿ, ಹೌದಾ?'

'ಹೌದು.'

'ರಾಹಾಬಳು ಗೂಢಚಾರರನ್ನು ಮಾಳಿಗೆ ಮೇಲೆ ಬಚ್ಚಿಟ್ಟು, ಅವರು ಆಗಲೇ ಹೊರಟುಹೋದರು ಅಂದಳು. ಅದು ಸುಳ್ಳು ತಾನೇ?'

'ಸುಳ್ಳೇ.'

'ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ ನಂಬಿಕೆಯ ವೀರರ ಸಾಲಿನಲ್ಲಿ ಆಕೆಯ ಹೆಸರಿದೆ ಅಲ್ವಾ?'

'ಇದೆ. ಗೂಢಚಾರರನ್ನು ಬರಮಾಡಿಕೊಂಡಳು ಅಂತ ಇದೆ. ಸುಳ್ಳು ಹೇಳಿದ್ದಕ್ಕೆ ಹೊಗಳಿಕೆ ಅಂತ ಎಲ್ಲಿದೆ?'

ನೋಡಿ, ಅಗಸ್ಟೀನ್ ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಇದೇ. ಈಗ ಪ್ರಶ್ನೆ ಕೇಳಿದವನು ಮುಂದಿನ ಹೆಜ್ಜೆ ಹುಡುಕಬೇಕು. ಆ ಸುಳ್ಳಿಲ್ಲದೆ ಬರಮಾಡಿಕೊಂಡದ್ದು ಉಳಿಯುತ್ತಿತ್ತೇ ಅಂತ ಕೇಳುತ್ತಾನೋ, ಸೂಲಗಿತ್ತಿಯರ ಕಡೆ ಹೊರಳುತ್ತಾನೋ? ಇಬ್ಬರೂ ವಾಕ್ಯವನ್ನು ಎಷ್ಟು ಹತ್ತಿರದಿಂದ ಓದಿರಬೇಕು ಯೋಚಿಸಿ. ಜ್ಞಾನೋಕ್ತಿಗಳ 18ನೇ ಅಧ್ಯಾಯದಲ್ಲೂ ಇದೇ ಮಾತಿದೆ: ಮೊದಲು ವಾದಿಸಿದವನು ಸರಿ ಅನ್ನಿಸುತ್ತಾನೆ, ಇನ್ನೊಬ್ಬ ಬಂದು ಅವನನ್ನು ಪರೀಕ್ಷಿಸುವ ತನಕ.

'ಕರ್ತನ ದಾಸನು ಜಗಳವಾಡಬಾರದು' ಅಂತ ತಿಮೊಥೆಯನಿಗೆ ಬರೆದ ಪತ್ರಿಕೆಯನ್ನು ತೋರಿಸುವವರೂ ಇದ್ದಾರೆ. ಜಗಳ ಆಗಬಾರದು ಅಂತಲೇ ಇಷ್ಟೆಲ್ಲ ನಿಯಮ. ಗಡಿಯಾರ ಇದೆ, ನಡುವೆ ಬಾಯಿ ಹಾಕುವಂತಿಲ್ಲ, ಎದುರಾಳಿಯನ್ನು ಬಿಟ್ಟು ತೀರ್ಪುಗಾರರನ್ನು ನೋಡಿ ಮಾತಾಡಬೇಕು, ಮುಗಿದ ಮೇಲೆ ಕೈ ಕುಲುಕಬೇಕು. ಚರ್ಚಿನ ವಾರ್ಷಿಕ ಸಭೆಗಳಿಗೂ ಇಷ್ಟು ಶಿಸ್ತಿದ್ದರೆ ಚೆನ್ನಾಗಿತ್ತು.

ನನಗೆ ನಿಜವಾಗಿ ಆತಂಕ ಇರುವುದು ಬೇರೆ ಕಡೆ. ಈ ದೇಶದ ದೊಡ್ಡ ಟೂರ್ನಮೆಂಟುಗಳಲ್ಲಿ, ಅದರಲ್ಲೂ ಸರ್ಕಾರದ ನೀತಿಗಳ ಮೇಲೆ ಇಬ್ಬಿಬ್ಬರ ತಂಡಗಳು ವಾದಿಸುವ ಪಾಲಿಸಿ ಡಿಬೇಟಿನಲ್ಲಿ, ನಿಮಿಷಕ್ಕೆ 300ಕ್ಕೂ ಜಾಸ್ತಿ ಪದ ಉಗುಳುವ ಚಾಳಿ ಇದೆ. ಉಸಿರು ಕಟ್ಟಿ ಓದುತ್ತಾರೆ. ಎದುರಾಳಿ ಒಂದನ್ನಾದರೂ ಉತ್ತರಿಸದೆ ಬಿಡಲಿ ಅನ್ನುವ ಲೆಕ್ಕಾಚಾರ. ರೋಮಿನ ಮಾತುಗಾರಿಕೆಯ ಮೇಷ್ಟ್ರು ಕ್ವಿಂಟಿಲಿಯನ್ ಹೇಳಿದ 'ಚೆನ್ನಾಗಿ ಮಾತಾಡುವ ಒಳ್ಳೆಯ ಮನುಷ್ಯ' ಇದನ್ನು ಕೇಳಿದರೆ ಎದ್ದು ಹೋಗುತ್ತಿದ್ದ. ಇದಕ್ಕೆ ಮದ್ದು ಸುಲಭ, ಸಾಮಾನ್ಯರನ್ನು ತೀರ್ಪುಗಾರರಾಗಿ ಕೂರಿಸಿ. ಪಕ್ಕದ ಮನೆಯ ನಿವೃತ್ತ ನರ್ಸ್, ಪಾಸ್ಟರ್, ಊರಿಂದ ಬಂದ ಅಜ್ಜ. ಅವರಿಗೆ ಅರ್ಥ ಆಗದ ಮಾತಿಗೆ ಮತ ಬೀಳುವುದಿಲ್ಲ ಅಂತ ಗೊತ್ತಾದರೆ ವೇಗ ತಾನಾಗಿ ಇಳಿಯುತ್ತದೆ. 2002ರಲ್ಲಿ ಶುರುವಾದ ಪಬ್ಲಿಕ್ ಫೋರಂ ಮಾದರಿಯ ಉದ್ದೇಶವೂ ಇದೇ ಆಗಿತ್ತು.

ತೀರ್ಪಿನ ಚೀಟಿಯನ್ನೂ ಸರಿಯಾಗಿ ಬಳಸಿ. ಅದರಲ್ಲಿ ಗೆಲುವು ಬೇರೆ, ಮಾತಿನ ಅಂಕ ಬೇರೆ. ಸೊಗಸಾಗಿ ಮಾತಾಡಿದವನಿಗೆ ಜಾಸ್ತಿ ಅಂಕ ಕೊಟ್ಟು, ವಾದ ನಿಂತವಳಿಗೆ ಗೆಲುವು ಕೊಡಬಹುದು. ಮಾತುಗಾರಿಕೆಗೆ ಬೇಗ ಮರುಳಾಗುವ ನಿಮ್ಮಂಥ ಶಾಲೆಗಳಿಗೆ ಇದು ಬಹಳ ಬೇಕು. ಯಾಕೆ ಹೀಗೆ ತೀರ್ಪು ಕೊಟ್ಟೆ ಅಂತ ನಾಲ್ಕು ಸಾಲು ಕಾರಣ ಬರೆಯದ ಚೀಟಿಯನ್ನು ವಾಪಸ್ ಕಳಿಸಿ.

ಇನ್ನು ದುಡ್ಡು. ಲ್ಯಾಟಿನ್ ಟೀಚರ್ ಮೇಲೆ ಇದನ್ನೂ ಹೊರಿಸಬೇಡಿ. ಪಾಪ, ಅವರು ಈಗಾಗಲೇ ನಾಟಕ, ಗಾಯನ ಎಲ್ಲ ಹೊತ್ತಿದ್ದಾರೆ. ತರಬೇತಿ ಕೊಡುವವರಿಗೆ ಸಂಬಳ ಕೊಡಿ. ಹುಡುಕಿದರೆ ಜನ ಸಿಗುತ್ತಾರೆ. 1990ರ ದಶಕದಿಂದಲೇ ಕ್ರೈಸ್ತ ಹೋಮ್‌ಸ್ಕೂಲ್ ಕುಟುಂಬಗಳು ತಮ್ಮದೇ ಡಿಬೇಟ್ ಲೀಗ್ ನಡೆಸುತ್ತಿವೆ. ಎನ್‌ಸಿಎಫ್‌ಸಿಎ ಅಂಥದ್ದು, ಸ್ಟೋವಾ ಇನ್ನೊಂದು. ಅಲ್ಲಿ ವಾದಿಸಿ ಬೆಳೆದವರು ಈಗ ಬೇಕಾದಷ್ಟು ಜನ ಇದ್ದಾರೆ. ಕಟ್ಟಡ ಇಲ್ಲದ, ಫೀಸ್ ಇಲ್ಲದ ಅಮ್ಮಂದಿರು ಅಡುಗೆಮನೆಯ ಟೇಬಲ್ಲಿನಿಂದ ಶುರುಮಾಡಿದ್ದನ್ನು ನಿಮ್ಮಿಂದ ಮಾಡಲಾಗದು ಅಂದ್ರೆ ನಾನು ನಂಬುವುದಿಲ್ಲ.

ಒಂದೆರಡು ವರ್ಷ ಒಳಗೊಳಗೆ ಆಡಿದ ಮೇಲೆ ಹೊರಗೆ ಹೋಗಿ. ಶಾಲಾ ಡಿಬೇಟಿಗೆ 1925ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘ ಇದೆ, ಈಗ ಎನ್‌ಎಸ್‌ಡಿಎ ಅನ್ನುತ್ತಾರೆ. ಅದರ ಟೂರ್ನಮೆಂಟುಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎದುರಿಗೆ ನಿಲ್ಲುತ್ತಾರೆ. ನಿಮ್ಮ ಮಕ್ಕಳು ಅಲ್ಲಿ ಸೋಲುತ್ತಾರೆ, ಮೊದಮೊದಲು ಚೆನ್ನಾಗಿಯೇ ಸೋಲುತ್ತಾರೆ. ಸೋಲಲಿ. ಒಂದೇ ಪುಸ್ತಕ ಓದಿ, ಒಂದೇ ಚರ್ಚಿಗೆ ಹೋಗುವ ಇಬ್ಬರು ಎಷ್ಟು ವರ್ಷ ಅಂತ ತಮ್ಮ ತಮ್ಮಲ್ಲೇ ವಾದಿಸುತ್ತಾರೆ? ಪೌಲನು ಎಫೆಸದಲ್ಲಿ ತುರನ್ನನ ಶಾಲೆಗೆ ಎರಡು ವರ್ಷ ದಿನಾ ಹೋಗಿ ವಾದಿಸಿದ ಅಂತ ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಕೇಳಲು ಬಂದವರೆಲ್ಲ ಒಪ್ಪಿಕೊಂಡೇ ಬಂದವರಲ್ಲ.

ಕನ್ನಡದ ಅಪ್ಪ-ಅಮ್ಮಂದಿರೇ, ನಿಮಗೂ ಒಂದು ಮಾತು. 'ದೊಡ್ಡವರಿಗೆ ಎದುರು ಮಾತಾಡಬೇಡ' ಅಂತ ಕೇಳಿಯೇ ಬೆಳೆದವರು ನಾವು. ಡಿಬೇಟ್ ಕಲಿತ ಮಗು ಮನೆಯಲ್ಲೂ ಪಾಟೀಸವಾಲು ಶುರುಮಾಡುತ್ತದೆ. 'ಫೋನ್ ಹತ್ತು ಗಂಟೆಗೆ ಆಫ್ ಅಂದ್ರಿ. ಕಾರಣ ನಿದ್ದೆ ಅಂದ್ರಿ. ಹಾಗಾದ್ರೆ ಮರುದಿನ ಶಾಲೆ ಇಲ್ಲದ ಶುಕ್ರವಾರ ಯಾಕೆ?' ಸ್ವಲ್ಪ ತಲೆನೋವೇ. ತಡೆದುಕೊಳ್ಳಿ. ನಿಮ್ಮ ಹತ್ತಿರ ಕಾರಣ ಇದ್ದರೆ ಹೇಳಿ, ಇಲ್ಲದಿದ್ದರೆ ಶುಕ್ರವಾರ ಹನ್ನೊಂದು ಮಾಡಿ.

ಮುಂದಿನ ಮಂಡಳಿ ಸಭೆಯಲ್ಲಿ ನೀವು ಕೇಳಬೇಕಾದ ಪ್ರಶ್ನೆಗಳು ಮೂರು. ಎಂಟನೇ ಕ್ಲಾಸಿನ ತರ್ಕದ ಪೀರಿಯಡ್‌ಗಳಲ್ಲಿ ವಾರಕ್ಕೆ ಒಂದನ್ನು ಡಿಬೇಟಿಗೆ ಬಿಟ್ಟುಕೊಡುತ್ತೀರಾ? ಕಲಿಸುವವರಿಗೆ ಬಜೆಟ್ಟಿನಲ್ಲಿ ಎಷ್ಟು ಇಡುತ್ತೀರಿ? ವರ್ಷದಲ್ಲಿ ಪ್ರತಿ ಮಗುವೂ ಎರಡೂ ಪಕ್ಷದಿಂದ ಎಷ್ಟು ಸಲ ನಿಲ್ಲುತ್ತದೆ? 'ಪರಿಶೀಲಿಸುತ್ತೇವೆ' ಅನ್ನುವ ಉತ್ತರ ಬಂದರೆ ಕೂರಬೇಡಿ, ಯಾವ ತಿಂಗಳು ಅಂತ ಕೇಳಿ. ತೀರ್ಪುಗಾರರು ಬೇಕಿದ್ದರೆ ಶನಿವಾರ ನಾನು ಬರುತ್ತೇನೆ, ಎರಡು ಬಣ್ಣದ ಪೆನ್ನು ನಾನೇ ತರುತ್ತೇನೆ.

ಇಂತಿ,
ಮಂಗಳೂರು ಕಡೆಯಿಂದ ಬಂದು ಟೆಕ್ಸಸ್‌ನಲ್ಲಿ ನೆಲೆಸಿರುವ ಒಬ್ಬ ಪೋಷಕ